140 ಎಂಎಂ ಬೈಕಿಗೆ ಕಾಯಿಲ್ ಶಾಕ್ ಹಾಕಿಸಲಾ, ಇರುವ ಏರ್ ಶಾಕನ್ನೇ ಸರಿ ಮಾಡಿಕೊಳ್ಳಲಾ?

ಬನಶಂಕರಿ_ಪೆಡಲ್:

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್. ಹಿಂದೆ 140 ಎಂಎಂ ಟ್ರಾವೆಲ್, ಚಕ್ರ ಅಷ್ಟು ಮೇಲೆ ಕೆಳಗೆ ಆಡುತ್ತದೆ. ಶಾಕ್ 210x55 ಸೈಜಿನ (ಉದ್ದ 210 ಎಂಎಂ, ಸ್ಟ್ರೋಕ್ ಅಂದರೆ ಕುಗ್ಗುವ ದೂರ 55) ಏರ್ ಶಾಕ್, ಒಳಗೆ ಸ್ಪ್ರಿಂಗ್ ಬದಲು ಗಾಳಿ. ಕುಗ್ಗಿದ ಶಾಕ್ ಎಷ್ಟು ಬೇಗ ಮೇಲೆ ಬರಬೇಕು ಅಂತ ಹೊಂದಿಸುವ ಕೆಂಪು ರಿಬೌಂಡ್ ನಾಬ್ ಒಂದಿದೆ, ಹತ್ತುವಾಗ ಬಿಗಿ ಮಾಡುವ ಲಿವರ್ ಒಂದಿದೆ, ಅಷ್ಟೇ. ನನ್ನ ತೂಕ 92 ಕಿಲೋ, ನೀರಿನ ಬ್ಯಾಗು, ಹೆಲ್ಮೆಟ್ಟು, ಶೂ ಎಲ್ಲ ಸೇರಿ 96. ಓಡಿಸುವುದು ಹೆಚ್ಚಾಗಿ ಬೆಂಗಳೂರಿನ ತುರಹಳ್ಳಿ ಕಾಡಿನ ಕಡೆ, ಆಗಾಗ ಆವಲಹಳ್ಳಿ.

ತೊಂದರೆ ಮೂರು. ಬಂಡೆ ಮೇಲಿಂದ ಮೊಣಕಾಲೆತ್ತರದ ಡ್ರಾಪ್ ಇಳಿದರೂ ಹಿಂದೆ ‘ಠಕ್’ ಅಂತ ತಳ ಮುಟ್ಟುತ್ತದೆ. ಸಾಲಾಗಿ ಕಲ್ಲು ಬಂದರೆ ಸೀಟು ಹಿಂದಿನಿಂದ ಒದ್ದು ನನ್ನನ್ನು ಹ್ಯಾಂಡಲ್ ಮೇಲಕ್ಕೆ ತಳ್ಳುತ್ತದೆ. ಏರಿನಲ್ಲಿ ಪೆಡಲ್ ತುಳಿದರೆ ಇಡೀ ಬೈಕ್ ಮೇಲೆ ಕೆಳಗೆ ತೂಗಾಡುತ್ತದೆ.

ಜೊತೆಗೆ ಓಡಿಸುವವರೆಲ್ಲ ‘ಏರ್ ಸಾಕು ಮಗಾ, ಕಾಯಿಲ್ ಹಾಕ್ಸು, ಬೆಣ್ಣೆ ಥರ ಇರುತ್ತೆ’ ಅನ್ನುತ್ತಾರೆ. ಕಾಯಿಲ್ ಅಂದರೆ ಗಾಳಿ ಬದಲು ಲೋಹದ ಸ್ಪ್ರಿಂಗ್ ಇರುವ ಶಾಕ್. ಆ ದುಡ್ಡು ಸಣ್ಣದಲ್ಲ. ಹಾಕಿಸಿದ ಮೇಲೂ ಇದೇ ಕಥೆ ಆದರೆ ಮನೆಯಲ್ಲಿ ಏನು ಹೇಳಲಿ? ಯಾರಾದರೂ ದಾರಿ ತೋರಿಸಿ.

ಕೆಂಪುಧೂಳು:

ಗುರು, ಮೊದಲು ಪರ್ಸ್ ಒಳಗಿಡಿ. ನೀವು ಹೇಳಿದ ಮೂರರಲ್ಲಿ ಒಂದಕ್ಕೂ ಕಾಯಿಲ್ ನೇರ ಮದ್ದಲ್ಲ. ಸ್ಯಾಗ್ ಎಷ್ಟಿದೆ ಅಂತ ನೀವು ಬರೆದೇ ಇಲ್ಲ, ಅಲ್ಲಿಂದ ಶುರು ಮಾಡೋಣ.

ಸ್ಯಾಗ್ ಅಂದರೆ ನೀವು ಸುಮ್ನೆ ಬೈಕ್ ಮೇಲೆ ನಿಂತಾಗ ನಿಮ್ಮ ಭಾರಕ್ಕೆ ಶಾಕ್ ಎಷ್ಟು ಕುಸಿಯುತ್ತದೆ ಅನ್ನುವುದು. ಟ್ರೈಲ್ ಬೈಕಿಗೆ, ಅಂದರೆ ನಿಮ್ಮಂಥ ಕಾಡು ದಾರಿಯ ಸೈಕಲ್ಲಿಗೆ, ಹಿಂದೆ 25ರಿಂದ 30 ಶೇಕಡಾ ಸಾಮಾನ್ಯ. ಲೆಕ್ಕ ಹಾಕಬೇಕಾದ್ದು ಚಕ್ರದ 140ರಲ್ಲಿ ಅಲ್ಲ, ಶಾಕಿನ ಸ್ಟ್ರೋಕ್‌ನಲ್ಲಿ. ನಿಮ್ಮದು 55, ಅದರ 30 ಶೇಕಡಾ ಅಂದರೆ 16.5 ಎಂಎಂ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಅಳೆಯುವುದು ಹೀಗೆ. ಲಿವರ್ ಪೂರ್ತಿ ಓಪನ್ ಇರಲಿ. ರೈಡ್‌ಗೆ ಹೋಗುವಾಗ ಹಾಕುವುದೆಲ್ಲ ಹಾಕಿಕೊಳ್ಳಿ, ಬ್ಯಾಗಿನಲ್ಲಿ ನೀರು ತುಂಬಿರಲಿ. ಗೋಡೆಗೆ ಮೊಣಕೈ ಕೊಟ್ಟು ಎರಡೂ ಪೆಡಲ್ ಮೇಲೆ ನಿಲ್ಲಿ, ಎರಡು ಮೂರು ಸಲ ಮೆಲ್ಲಗೆ ಕುಲುಕಿ, ಆಮೇಲೆ ಅಲುಗಾಡದೆ ನಿಂತು ಮನೆಯವರಲ್ಲಿ ಯಾರಿಗಾದರೂ ಶಾಕ್ ಮೇಲಿನ ರಬ್ಬರ್ ರಿಂಗನ್ನು ಸೀಲ್‌ವರೆಗೆ ತಳ್ಳಲು ಹೇಳಿ. ಬ್ರೇಕ್ ಹಿಡಿಯಬೇಡಿ. ಇಳಿಯುವಾಗ ಧೊಪ್ಪನೆ ಇಳಿದರೆ ರಿಂಗ್ ಮತ್ತೆ ಜರುಗುತ್ತದೆ, ಮೊದಲಿಂದ ಮಾಡಬೇಕಾಗುತ್ತದೆ. ಈಗ ಸೀಲ್‌ಗೂ ರಿಂಗಿಗೂ ನಡುವೆ ಎಷ್ಟು ಎಂಎಂ ಇದೆ ಅಂತ ಸ್ಕೇಲ್ ಇಟ್ಟು ನೋಡಿ.

ಗಾಳಿ ಎಷ್ಟು ಅಂದರೆ, ಶುರುವಿಗೆ ಮೈತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್‌ಐ. ನಿಮಗೆ 200ರ ಆಸುಪಾಸು ಬರುತ್ತದೆ. ಇದು ಶುರುವಿಗೆ ಮಾತ್ರ, ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಗರಿಷ್ಠ ಎಷ್ಟು ಅಂತ ಶಾಕ್ ಮೇಲೇ ಬರೆದಿರುತ್ತಾರೆ, ಅದನ್ನು ದಾಟಬೇಡಿ. ಪ್ರತಿ 50 ಪಿಎಸ್‌ಐ ಹಾಕಿದ ಮೇಲೆ ಸೀಟು ಒತ್ತಿ ಹತ್ತು ಸಲ ಶಾಕನ್ನು ಕುಗ್ಗಿಸಿ. ಒಳಗೆ ಪಾಸಿಟಿವ್, ನೆಗೆಟಿವ್ ಅಂತ ಎರಡು ಕೋಣೆ ಇರುತ್ತವೆ, ಕುಗ್ಗಿಸಿದಾಗಲೇ ಎರಡಕ್ಕೂ ಗಾಳಿ ಸಮ ಆಗುವುದು. ಒಂದೇ ಏಟಿಗೆ 200 ತುಂಬಿದರೆ ಗೇಜ್ ಒಂದು ಹೇಳುತ್ತದೆ, ಟ್ರೈಲ್ ಮೇಲೆ ಶಾಕ್ ಇನ್ನೊಂದು ಹೇಳುತ್ತದೆ.

ಹಾಂ, ಪಂಪ್ ಬಿಚ್ಚುವಾಗ ಬರುವ ‘ಪುಸ್’ ಸದ್ದಿಗೆ ಹೆದರಬೇಡಿ. ಅದು ಪಂಪಿನ ಪೈಪಿನಲ್ಲಿ ಉಳಿದ ಗಾಳಿ. ಮತ್ತೆ ಪಂಪ್ ಹಾಕಿದಾಗ ಗೇಜ್ ಕಡಿಮೆ ತೋರಿಸುವುದೂ ಇದಕ್ಕೇ, ಶಾಕಿನ ಗಾಳಿಯೇ ಪೈಪಿಗೆ ತುಂಬಿಕೊಳ್ಳುತ್ತದೆ.

ಸ್ಪ್ರಿಂಗ್_ಪಾರ್ಟಿ:

ಕಾಯಿಲ್ ಹಾಕಿಸು ಅಂತ ಎಲ್ಲರಿಗೂ ಹೇಳುವವರಲ್ಲಿ ನಾನೂ ಒಬ್ಬ, ಆದರೂ ಇಲ್ಲಿ ಕೆಂಪುಧೂಳು ಹೇಳಿದ್ದು ಸರಿ. ಆದರೆ ಕಾಯಿಲ್ ಬಗ್ಗೆ ಒಂದಷ್ಟು ಹೇಳಲೇಬೇಕು, ಇಲ್ಲದಿದ್ದರೆ ಅದೇನೋ ಶೋಕಿ ಅಂದುಕೊಳ್ಳುತ್ತಾರೆ. ಸೀಲ್ ಕಡಿಮೆ, ಅಂಟು ಕಡಿಮೆ, ಸಣ್ಣ ಕಲ್ಲಿಗೂ ಚಕ್ರ ಮಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬಿಸಿ ಏರಿದರೂ ಸ್ಪ್ರಿಂಗ್ ಗಡಸಾಗುವುದಿಲ್ಲ. ಏರ್ ಶಾಕಿನಲ್ಲಿ ಬಿಸಿಗೆ ಒತ್ತಡ ಏರುತ್ತದೆ. ಆದರೆ ತುರಹಳ್ಳಿಯಲ್ಲಿ ಅಷ್ಟು ಉದ್ದದ ಇಳಿಜಾರು ಎಲ್ಲಿದೆ ಹೇಳಿ? ಪಶ್ಚಿಮ ಘಟ್ಟಕ್ಕೆ ಹೋಗಿ ಅರ್ಧ ಗಂಟೆ ಒಂದೇ ಸಮ ಇಳಿಯುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ತೂಕ ಅರ್ಧ ಕಿಲೋ ಹತ್ತಿರ ಜಾಸ್ತಿ ಆಗುತ್ತದೆ, ಅದೂ ನೆನಪಿರಲಿ.

ಮುಖ್ಯ ಪ್ರಶ್ನೆ ನಿಮ್ಮ ಫ್ರೇಮಿನದು. 140 ಭಾಗಿಸು 55, ಸರಾಸರಿ ಲೆವರೇಜ್ (ಶಾಕ್ ಒಂದು ಎಂಎಂ ಕುಗ್ಗಿದರೆ ಚಕ್ರ ಎಷ್ಟು ಎಂಎಂ ಏರುತ್ತದೆ ಅನ್ನುವುದು) 2.55 ಬರುತ್ತದೆ. ಆದರೆ ಅದು ಶುರುವಿನಿಂದ ಕೊನೆವರೆಗೆ ಒಂದೇ ಇರುವುದಿಲ್ಲ. ಶುರುವಿಗೆ 2.9 ಇದ್ದು ಕೊನೆಗೆ 2.3ಕ್ಕೆ ಇಳಿದರೆ ಸುಮಾರು 20 ಶೇಕಡಾ ಪ್ರೋಗ್ರೆಷನ್, ಅಂದರೆ ಕೊನೆಗೆ ಹೋದಂತೆ ಫ್ರೇಮೇ ಬಿಗಿಯಾಗುತ್ತದೆ, ಅಂಥ ಫ್ರೇಮಿಗೆ ಕಾಯಿಲ್ ಚೆನ್ನಾಗಿ ಕೂರುತ್ತದೆ. ಇಳಿಕೆ ಅದರ ಅರ್ಧದಷ್ಟೇ ಇದ್ದರೆ ಕಾಯಿಲ್ ಹಾಕಿದ ಮೇಲೆ ಇನ್ನೂ ಜಾಸ್ತಿ ತಳ ಮುಟ್ಟುತ್ತದೆ. ಯಾಕೆಂದರೆ ಗಾಳಿ ಕೊನೆಯಲ್ಲಿ ತಾನೇ ಬಿಗಿಯಾಗುತ್ತದೆ, ಕಾಯಿಲ್ ಹಾಗಾಗುವುದಿಲ್ಲ. ಶಾಕನ್ನು ಕವಲಿನಂಥ ಉದ್ದ ತುಂಡಿನಿಂದ ತಳ್ಳುವ ಕೆಲವು ಫ್ರೇಮುಗಳಿಗೆ ಕಾಯಿಲ್ ಬೇಡ ಅಂತ ಕಂಪನಿಯವರೇ ಹೇಳಿರುತ್ತಾರೆ, ಪಕ್ಕದ ಒತ್ತಡಕ್ಕೆ ಶಾಫ್ಟ್ ಮುರಿಯಬಹುದು.

ಹಾಕಿಸುವುದೇ ಆದರೆ ಸ್ಪ್ರಿಂಗ್ ಲೆಕ್ಕ ಸುಮಾರಾಗಿ ಹೀಗೆ: 96 ಕಿಲೋದಲ್ಲಿ ಹಿಂದಕ್ಕೆ 65 ಶೇಕಡಾ, ಅಂದರೆ 62. ಅದನ್ನು 2.55ರಿಂದ ಗುಣಿಸಿದರೆ 158 ಕಿಲೋ, ಅಂದರೆ ಸುಮಾರು 350 ಪೌಂಡ್. 16.5 ಎಂಎಂ ಅಂದರೆ 0.65 ಇಂಚು. 350 ಭಾಗಿಸು 0.65, ಹತ್ತಿರ ಹತ್ತಿರ 540. ನಿಮಗೆ ಇಂಚಿಗೆ 550 ಪೌಂಡಿನ ಸ್ಪ್ರಿಂಗ್ ಬೇಕು. ಅಂಗಡಿಯಲ್ಲಿ ಶಾಕ್ ಜೊತೆ ಇದ್ದ 450 ಕೊಟ್ಟು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಪ್ರೀಲೋಡ್ ರಿಂಗ್ ತಿರುಗಿಸಿ ಬಿಗಿ ಮಾಡಿಕೊಳ್ಳಿ ಅಂದರೆ ಒಪ್ಪಬೇಡಿ. ಆ ರಿಂಗ್ ಒಂದೆರಡು ಸುತ್ತಿಗಿಂತ ಜಾಸ್ತಿ ತಿರುಗಿಸಲು ಇರುವುದಲ್ಲ.

ಸ್ಪ್ಯಾನರ್_ಯಲಹಂಕ:

ಸೆಕೆಂಡ್ ಹ್ಯಾಂಡ್ ಅಂದಿರಿ. ಹಿಂದಿನವರು ಏರ್ ಕ್ಯಾನ್ (ಶಾಕಿನಲ್ಲಿ ಗಾಳಿ ಇರುವ ಹೊರ ಡಬ್ಬಿ) ಸರ್ವಿಸ್ ಮಾಡಿಸಿದ್ದರಾ? ಸುಮಾರು 50 ಗಂಟೆ ಓಡಿಸಿದರೆ ಸೀಲು, ಗ್ರೀಸು ನೋಡಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಮಳೆಯಲ್ಲಿ ಕಲಸಿಕೊಂಡು ಸೀಲ್ ಸಂದಿಗೆ ಹೋದರೆ ಶಾಕ್ ಮೊದಲ ಎರಡು ಎಂಎಂ ಮಿಸುಕುವುದೇ ಇಲ್ಲ. ಎಷ್ಟೋ ಜನ ಏರ್ ಶಾಕ್ ಗಡಸು ಅನ್ನುವುದು ಈ ಕೊಳೆಗೆ, ಗಾಳಿಗಲ್ಲ.

ಏರ್ ಕ್ಯಾನ್ ಮನೆಯಲ್ಲಿ ಬಿಚ್ಚಬಹುದು, ಗಾಳಿ ಪೂರ್ತಿ ತೆಗೆದ ಮೇಲೆ. ಆದರೆ ಗಾಳಿ ತೆಗೆದ ಮೇಲೂ ಶಾಕ್ ಕುಗ್ಗಿಕೊಂಡೇ ನಿಂತು ಮೇಲೆ ಬರದಿದ್ದರೆ ಮುಟ್ಟಲೇಬೇಡಿ. ನೆಗೆಟಿವ್ ಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ, ಬಿಚ್ಚಿದರೆ ಸಿಡಿಯುತ್ತದೆ. ಶಾಕಿನ ಚಲನೆಯನ್ನು ಎಣ್ಣೆಯಿಂದ ತಡೆಯುವ ಡ್ಯಾಂಪರ್ ಭಾಗಕ್ಕಂತೂ ಕೈ ಹಾಕಬೇಡಿ. ಅದರಲ್ಲಿ ನೈಟ್ರೋಜನ್ ಒತ್ತಡದಲ್ಲಿರುತ್ತದೆ, ಅದು ಸರ್ವಿಸ್ ಸೆಂಟರಿನ ಕೆಲಸ.

ಮುಂದೆ ಎಂದಾದರೂ ಶಾಕ್ ಕೊಂಡರೆ ಸೈಜ್ ನೋಡಿಕೊಳ್ಳಿ. 210 ಉದ್ದದಲ್ಲೇ 50, 52.5, 55 ಸ್ಟ್ರೋಕ್ ಸಿಗುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಫ್ರೇಮ್ ಕೇಳುವುದಕ್ಕಿಂತ ಜಾಸ್ತಿ ಸ್ಟ್ರೋಕ್ ಹಾಕಿದರೆ ತಳ ಮುಟ್ಟಿದಾಗ ಹಿಂದಿನ ಟೈರ್ ಸೀಟ್ ಟ್ಯೂಬಿಗೆ ಉಜ್ಜುತ್ತದೆ. ಶಾಕಿನ ಒಂದು ತುದಿಗೆ ಎರಡು ಪಕ್ಕದಿಂದ ಬೋಲ್ಟ್ ಹಾಕುವ ಟ್ರನಿಯನ್ ಫ್ರೇಮಿಗೆ ಇದೇ ಅಳತೆ 185x55 ಅಂತ ಬರುತ್ತದೆ, ಅದು ನಿಮಗೆ ಕೂರುವುದಿಲ್ಲ.

ಬನಶಂಕರಿ_ಪೆಡಲ್:

ಸಾರ್, ಅಳೆದೆ. ಸ್ಯಾಗ್ 24 ಎಂಎಂ! ಗೇಜ್ 150 ತೋರಿಸಿತು. ರಿಬೌಂಡ್ ನಾಬ್ ಪೂರ್ತಿ ಮೊಲದ ಚಿತ್ರದ ಕಡೆಗೆ, ಅಂದರೆ ಅತಿ ವೇಗಕ್ಕೆ, ತಿರುಗಿತ್ತು.

195 ಹಾಕಿದ ಮೇಲೆ 17ಕ್ಕೆ ಬಂತು. ಏರಿನಲ್ಲಿ ತೂಗಾಟ ಅರ್ಧಕ್ಕರ್ಧ ಇಲ್ಲ. ಆದರೆ ದೊಡ್ಡ ಬಂಡೆಯಿಂದ ಇಳಿದರೆ ಇನ್ನೂ ತಳ ಮುಟ್ಟುತ್ತದೆ, ಒದೆತ ಮೊದಲಿಗಿಂತ ಜಾಸ್ತಿ ಆದ ಹಾಗಿದೆ. ಜೊತೆಗೆ ಸೀಟು ಹಿಡಿದು ಎತ್ತಿದರೆ ಒಳಗೆಲ್ಲೋ ‘ಟಿಕ್’ ಅನ್ನುತ್ತದೆ. ಇನ್ನೊಂದು, ಮುಂದಿನ ತಿಂಗಳು ಕುಂದಾಪುರದ ಕಡೆ ಹೋಗುತ್ತಿದ್ದೇನೆ. ಬೆಂಗಳೂರು ಎತ್ತರದಲ್ಲಿದೆಯಲ್ಲ, ಅಲ್ಲಿ ಗಾಳಿ ಬದಲಿಸಬೇಕಾ?

ಕೆಂಪುಧೂಳು:

24 ಅಂದರೆ 44 ಶೇಕಡಾ. ಸುಮ್ನೆ ನಿಂತರೇ ಹತ್ತಿರ ಹತ್ತಿರ ಅರ್ಧ ಸ್ಟ್ರೋಕ್ ಹೋಗುತ್ತಿತ್ತು, ಡ್ರಾಪ್‌ಗೆ ಉಳಿಯುವುದಾದರೂ ಏನು?

ಗಾಳಿ ಏರಿಸಿದರೆ ಅದೇ ಸ್ಪ್ರಿಂಗಿನಂತೆ ಜೋರಾಗಿ ಹಿಂದಕ್ಕೆ ತಳ್ಳುತ್ತದೆ, ಒದೆತ ಜಾಸ್ತಿ ಆಗುವುದು ಅದಕ್ಕೇ. ರಿಬೌಂಡ್ ನಾಬನ್ನು ಆಮೆ ಕಡೆಗೆ ಪೂರ್ತಿ ತಿರುಗಿಸಿ, ಅಲ್ಲಿಂದ ಎಷ್ಟು ಕ್ಲಿಕ್ ಹೊರಗೆ ಅಂತ ಎಣಿಸಿ, ನಡು ಮಧ್ಯ ನಿಲ್ಲಿಸಿ. ಸೀಟಿನ ಮೇಲೆ ಕೂತೇ ಒಂದು ಫುಟ್‌ಪಾತಿನಿಂದ ನಿಧಾನ ಇಳಿಯಿರಿ, ನಮ್ಮೂರಲ್ಲಿ ಎತ್ತರದ ಫುಟ್‌ಪಾತಿಗೆ ಬರವಿಲ್ಲ. ಇಳಿದ ಮೇಲೆ ಒಂದು ಸಲ ಮೇಲೆ ಬಂದು ಕೂತುಬಿಡಬೇಕು. ಎರಡು ಮೂರು ಸಲ ಕುಣಿದರೆ ಆಮೆ ಕಡೆಗೆ ಒಂದು ಕ್ಲಿಕ್. ಆದರೆ ಅತಿ ನಿಧಾನವೂ ಬೇಡ. ಸಾಲು ಕಲ್ಲಿನಲ್ಲಿ ಶಾಕ್ ಮೇಲೆ ಬರಲು ಸಮಯ ಸಿಗದೆ ಕುಗ್ಗುತ್ತಾ ಕುಗ್ಗುತ್ತಾ ಹೋಗುತ್ತದೆ, ಆಗ ಬೈಕ್ ಕಲ್ಲಿನಂತೆ ಗಡಸು ಅನ್ನಿಸುತ್ತದೆ. ಜನ ಅದಕ್ಕೆ ಗಾಳಿ ತೆಗೆಯುತ್ತಾರೆ, ಇನ್ನೂ ಕೆಡುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದೇ ದಾರಿಯಲ್ಲಿ ಓಡಿಸಿ ನೋಡಿ.

ಸ್ಯಾಗ್ ಸರಿಯಿದ್ದೂ ತಳ ಮುಟ್ಟಿದರೆ ಇನ್ನು ಗಾಳಿ ಏರಿಸಬೇಡಿ, ಒಳಗೆ ಒಂದು ವಾಲ್ಯೂಮ್ ಸ್ಪೇಸರ್ ಹಾಕಿ. ಪ್ಲಾಸ್ಟಿಕ್ ಬಳೆ ಅಷ್ಟೇ ಅದು. ಗಾಳಿಗೆ ಜಾಗ ಕಡಿಮೆ ಆಗಿ ಕೊನೆಯ ಭಾಗ ಮಾತ್ರ ಬಿಗಿಯಾಗುತ್ತದೆ, ಶುರುವಿನ ಮೆದು ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ರೈಡಿನ ಅತಿ ದೊಡ್ಡ ಏಟಿಗೆ ಒಮ್ಮೆ ಪೂರ್ತಿ ಟ್ರಾವೆಲ್ ಹೋದರೆ ಅದು ತಪ್ಪಲ್ಲ, ಕೊಟ್ಟಿರುವುದೇ ಬಳಸಲು.

ಕುಂದಾಪುರಕ್ಕೆ ಏನೂ ಮಾಡಬೇಡಿ. ನಾವು ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಸಮುದ್ರಮಟ್ಟಕ್ಕೆ ಇಳಿದರೆ ಹೊರಗಿನ ಗಾಳಿಯ ಒತ್ತಡ ಒಂದೂವರೆ ಪಿಎಸ್‌ಐ ಆಸುಪಾಸು ಏರುತ್ತದೆ. 195ರಲ್ಲಿ ಅದು ಎಲ್ಲಿ ಗೊತ್ತಾಗಬೇಕು? ಟೈರ್ ಮಾತ್ರ ಒಮ್ಮೆ ನೋಡಿಕೊಳ್ಳಿ.

ಸ್ಪ್ಯಾನರ್_ಯಲಹಂಕ:

ಆ ‘ಟಿಕ್’ ಬಹುಶಃ ಶಾಕಿನ ಕಣ್ಣಿನಲ್ಲಿರುವ (ಬೋಲ್ಟ್ ಹೋಗುವ ತೂತು) ಬುಷ್ ಸವೆದಿರುವುದು. ಒಂದು ಬೆರಳನ್ನು ಶಾಕ್ ಕಣ್ಣಿಗೂ ಫ್ರೇಮಿಗೂ ತಾಗುವ ಹಾಗಿಟ್ಟು ಇನ್ನೊಂದು ಕೈಯಲ್ಲಿ ಸೀಟು ಎತ್ತಿ ಇಳಿಸಿ, ಎಲ್ಲಿ ಸಡಿಲ ಇದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಮೇಲಿನ ಕಣ್ಣು, ಕೆಳಗಿನ ಕಣ್ಣು ಎರಡೂ ನೋಡಿ. ಅಲ್ಲಿ ಇಲ್ಲದಿದ್ದರೆ ಫ್ರೇಮಿನ ಕೀಲುಗಳಲ್ಲಿರುವ ಲಿಂಕ್ ಬೇರಿಂಗ್.

ಬುಷ್ ಆದರೆ ಖರ್ಚು ಜಾಸ್ತಿ ಇಲ್ಲ. ಬೋಲ್ಟಿನ ದಪ್ಪ ಮತ್ತು ಫ್ರೇಮಿನ ಎರಡು ಕಿವಿಗಳ ನಡುವಿನ ಅಗಲ, ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಂಡು ಆರ್ಡರ್ ಮಾಡಿ. ಪಕ್ಕದ ಅಲ್ಯುಮಿನಿಯಂ ಸ್ಪೇಸರ್ ಅಳತೆ ಸಿಗದಿದ್ದರೆ ಪೀಣ್ಯದಲ್ಲಿ ಲೇತ್ ಇರುವ ಯಾವುದಾದರೂ ವರ್ಕ್‌ಶಾಪಿಗೆ ಹಳೆಯದನ್ನೇ ಮಾದರಿಗೆ ಕೊಡಿ, ತಿರುಗಿಸಿ ಕೊಡುತ್ತಾರೆ. ಬುಷ್ ಮಾತ್ರ ಶಾಕಿಗೆ ಅಂತಲೇ ಮಾಡಿದ್ದು ತೆಗೆದುಕೊಳ್ಳಿ. ಹಳೆಯದನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಬೇಡಿ, ವೈಸ್‌ನಲ್ಲಿ ಸಾಕೆಟ್ ಇಟ್ಟು ಒತ್ತಿ ತೆಗೆಯಿರಿ. ಶಾಕ್ ಹೇಗೂ ಕೆಳಗಿಳಿಯುತ್ತದೆ, ಏರ್ ಕ್ಯಾನ್ ಸೀಲ್ ಮತ್ತು ಆ ಸ್ಪೇಸರ್ ಬಳೆ ಕೆಲಸವನ್ನೂ ಅದೇ ದಿನ ಮುಗಿಸಿಕೊಳ್ಳಿ.