ಮಂಥರೆ ಬರಿಯ ಕೇಡಿಯೇ, ಅಥವಾ ನಿಷ್ಠೆಯಿಂದಲೇ ಕೆಟ್ಟವಳೇ? ಪಾತ್ರ ಮಾಡುವವಳಿಗೆ ಸಲಹೆ ಬೇಕು

ರಂಗಾಸಕ್ತೆ, ಸೋಮವಾರಪೇಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಹಿಳೆಯರ ಹವ್ಯಾಸಿ ತಂಡವು ಈ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಅಯೋಧ್ಯಾಕಾಂಡವನ್ನು ಆಧರಿಸಿದ ನಾಟಕವೊಂದನ್ನು ಆಡಲು ಹೊರಟಿದೆ. ಮಂಥರೆಯ ಪಾತ್ರ ನನ್ನ ಪಾಲಿಗೆ ಬಂದಿದೆ. ನಿರ್ದೇಶಕರ ಕಲ್ಪನೆಯಲ್ಲಿ ಅವಳು ಬೆನ್ನಿಗೆ ದಿಂಬು ಕಟ್ಟಿಕೊಂಡು, ಕೋಲೂರಿಕೊಂಡು, ಕೀರಲು ದನಿಯಲ್ಲಿ ನಗುತ್ತಾ ಬರುವ ಮುದುಕಿ. ರಂಗಕ್ಕೆ ಕಾಲಿಟ್ಟ ಕೂಡಲೇ ಅವಳು ಕೇಡಿಯೆಂದು ಸಭೆಗೆ ತಿಳಿದುಬಿಡಬೇಕು ಎಂಬುದು ಅವರ ಬಯಕೆ. ತಾಲೀಮು ಆರಂಭವಾದಂದಿನಿಂದ ಇದು ನನಗೆ ಒಗ್ಗುತ್ತಿಲ್ಲ. ಮಾತುಗಳನ್ನು ಬಾಯಿಪಾಠ ಮಾಡುತ್ತಾ ಹೋದ ಹಾಗೆಲ್ಲ, ಅವಳು ಆಡುವುದು ಕೈಕೇಯಿಯ ಮತ್ತು ಭರತನ ಮುಂದಿನ ಬಾಳಿನ ಕುರಿತೇ ಹೊರತು ತನಗಾಗಿ ಒಂದು ತುಂಡು ಬಟ್ಟೆಯನ್ನೂ ಕೇಳುವುದಿಲ್ಲ ಎನ್ನುವುದು ಎದ್ದು ಕಾಣುತ್ತಿದೆ. ಅವಳು ಮಾಡಿದ್ದು ಘೋರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜೀವಮಾನವಿಡೀ ಒಬ್ಬಳಿಗೇ ಅಂಟಿಕೊಂಡು ಬದುಕಿದ ಹೆಂಗಸನ್ನು ನಗೆಪಾಟಲು ಮಾಡಿ ಒಳಗೆ ಕಳಿಸಿಬಿಡುವುದು ಸರಿಯೇ?

ನಿರ್ದೇಶಕರ ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಮಂಥರೆಯ ಮೇಲೆ ಸಭೆಗೆ ಕನಿಕರ ಹುಟ್ಟಿದರೆ ತಪ್ಪೆಲ್ಲ ಕೈಕೇಯಿಯ ತಲೆಗೆ ಬರುತ್ತದೆ, ಆಗ ನಾಟಕದ ತೂಕವೇ ಕೆಡುತ್ತದೆ ಎನ್ನುತ್ತಾರೆ ಅವರು. ಈ ಮಾತಿಗೆ ಉತ್ತರಿಸಲು ನನ್ನಲ್ಲಿ ಸಾಮಗ್ರಿಯಿಲ್ಲ. ಮೂಲವನ್ನು ಓದಿಕೊಂಡವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಅಧ್ಯಾಪಕ, ವಿರಾಜಪೇಟೆ

ತಮ್ಮ ಅನುಮಾನಕ್ಕೆ ವಾಲ್ಮೀಕಿಯಲ್ಲೇ ಬೇಕಾದಷ್ಟು ಆಧಾರವಿದೆ. ಅಯೋಧ್ಯಾಕಾಂಡದ 7, 8 ಮತ್ತು 9ನೆಯ ಸರ್ಗಗಳನ್ನು ಒಂದೇ ಬೈಠಕ್ಕಿನಲ್ಲಿ ಓದಿ ನೋಡಿ. ಮಂಥರೆ ಕೈಕೇಯಿಯ ತವರಿನಿಂದ ಬಂದ ದಾಸಿ, ಅವಳೊಡನೆಯೇ ಬಾಳಿದವಳು ಎಂದು ಕವಿ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ. ಅವಳು ಸಂಚು ಹೂಡಲೆಂದು ಹೊಂಚು ಕಾಯುತ್ತಿದ್ದವಳಲ್ಲ. ಸುಮ್ಮನೆ ಉಪ್ಪರಿಗೆ ಹತ್ತಿದಾಗ ನೀರು ಚಿಮುಕಿಸಿದ ಬೀದಿಗಳೂ ಬಾವುಟಗಳೂ ಕಣ್ಣಿಗೆ ಬಿದ್ದು, ಹತ್ತಿರದಲ್ಲಿ ನಿಂತಿದ್ದ ದಾದಿಯನ್ನು ಇದೇನು ಸಂಭ್ರಮವೆಂದು ವಿಚಾರಿಸುತ್ತಾಳೆ. ನಾಳೆ ರಾಮನಿಗೆ ಪಟ್ಟಾಭಿಷೇಕ ಎಂಬುದು ಅರಮನೆಯ ದಾದಿಗೆ ಗೊತ್ತಿದೆ, ಊರಿಗೆಲ್ಲ ಗೊತ್ತಿದೆ, ರಾಜನ ಮೆಚ್ಚಿನ ರಾಣಿಗೆ ಗೊತ್ತಿಲ್ಲ. ಈ ಜಾಗದಲ್ಲಿ ನಿಂತು ಯೋಚಿಸಿದರೆ ಮಂಥರೆಯ ಸಿಟ್ಟು ಹುಚ್ಚು ಸಿಟ್ಟೆಂದು ನನಗೆ ತೋರುವುದಿಲ್ಲ.

ಅವಳು ನೇರವಾಗಿ ರಾಣಿಯ ಶಯ್ಯಾಗೃಹಕ್ಕೆ ನುಗ್ಗಿ, ಏಳು ಮೂಢೆ, ಇನ್ನೂ ಮಲಗಿದ್ದೀಯಲ್ಲ ಎಂದು ಗದರುತ್ತಾಳೆ. ಒಡತಿಯನ್ನು ಹಾಗೆ ಗದರುವ ಸಲುಗೆ ಕೂಲಿಯಾಳಿಗೆ ಬರುವುದಿಲ್ಲ, ಎತ್ತಿ ಆಡಿಸಿದ ಕೈಗೆ ಮಾತ್ರ ಬರುತ್ತದೆ. ಕೈಕೇಯಿಯ ತಾಯಿಯನ್ನು ಕೇಕಯರಾಜನು ಮನೆಯಿಂದ ಹೊರಗಟ್ಟಿದ ಕಥೆಯನ್ನು 35ನೆಯ ಸರ್ಗದಲ್ಲಿ ಸುಮಂತ್ರನು ಕೈಕೇಯಿಯ ಮುಖಕ್ಕೇ ಹೇಳಿ ಹಂಗಿಸುತ್ತಾನೆ. ಅದನ್ನು ಇದರೊಂದಿಗೆ ಇಟ್ಟು ನೋಡಿದರೆ ಮಂಥರೆ ಕೈಕೇಯಿಗೆ ಏನಾಗಿದ್ದಳು ಎಂಬುದನ್ನು ಊಹಿಸಬಹುದು. ಸಂತೋಷದ ಸುದ್ದಿ ತಂದೆಯೆಂದು ಕೈಕೇಯಿ ಆಭರಣ ಕೊಡುತ್ತಾಳೆ, ಮಂಥರೆ ಅದನ್ನು ಎಸೆಯುತ್ತಾಳೆ. ದುರಾಸೆಯ ಹೆಂಗಸು ಎಸೆಯುವ ವಸ್ತುವೇ ಅದು?

ಇನ್ನೊಂದು ಸಣ್ಣ ವಿವರವನ್ನು ನಾಟಕದವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೇವಾಸುರ ಯುದ್ಧದಲ್ಲಿ ಗಾಯಗೊಂಡ ದಶರಥನನ್ನು ಕೈಕೇಯಿ ರಣರಂಗದಿಂದ ಸಾಗಿಸಿ ಉಳಿಸಿ ಎರಡು ವರಗಳನ್ನು ಪಡೆದಿದ್ದಳಷ್ಟೆ. ಅದನ್ನು ಅವಳು ಎಂದೋ ಮಂಥರೆಗೆ ಹೇಳಿದ್ದಳು, ಈಗ ಅವಳಿಗೇ ಅದರ ನೆನಪಿಲ್ಲ. ನೀನು ಹೇಳಿದ ಕಥೆಯನ್ನು ನಿನ್ನ ಮೇಲಿನ ಪ್ರೀತಿಯಿಂದ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ ಎನ್ನುತ್ತಾಳೆ ಮಂಥರೆ. ತಾವು ಈ ಪಾತ್ರಕ್ಕೆ ಜೀವ ತುಂಬಬೇಕಾದ ಮಾತು ಇದೇ ಎಂದು ನನ್ನ ಅಭಿಪ್ರಾಯ. ಒಡತಿ ಮರೆತ ಬದುಕನ್ನು ದಾಸಿ ಜೋಪಾನ ಮಾಡಿಟ್ಟಿದ್ದಾಳೆ, ಆ ಜೋಪಾನವೇ ಎಲ್ಲರಿಗೂ ಮುಳುವಾಗುತ್ತದೆ.

ಓದುಗ, ಕುಶಾಲನಗರ

ಅಧ್ಯಾಪಕರ ಓದು ದೊಡ್ಡದು, ಅದನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಿಷ್ಠೆ ಎಂದ ಮಾತ್ರಕ್ಕೆ ಅದು ಶುದ್ಧವಾಗಬೇಕಿಲ್ಲ. ನಿನ್ನ ದುಃಖವೇ ನನ್ನ ದುಃಖ, ನಿನ್ನ ಏಳಿಗೆಯೇ ನನ್ನ ಏಳಿಗೆ ಎಂದು ಅದೇ 7ನೆಯ ಸರ್ಗದಲ್ಲಿ ಮಂಥರೆ ಹೇಳುತ್ತಾಳೆ. ಆ ಮಾತಿನ ಮೊದಲ ಅರ್ಧವನ್ನು ಪ್ರೀತಿಯೆಂದು ಓದುವವರು ಎರಡನೆಯ ಅರ್ಧವನ್ನು ಲೆಕ್ಕಾಚಾರವೆಂದೂ ಓದಬೇಕಾಗುತ್ತದೆ. ಕೌಸಲ್ಯೆಯ ಮಗ ಪಟ್ಟವೇರಿದರೆ ಕೈಕೇಯಿ ಕೈಜೋಡಿಸಿ ನಿಲ್ಲಬೇಕಾಗುತ್ತದೆ ಎಂದು ಹೆದರಿಸುವವಳು, ಆಗ ತಾನೆಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ಯೋಚಿಸದೆ ಇರುತ್ತಾಳೆಯೇ?

ಕೈಕೇಯಿಯ ಮೊದಲ ಉತ್ತರವನ್ನೂ ಮರೆಯಬಾರದು. ಭರತನಷ್ಟೇ, ಅದಕ್ಕಿಂತಲೂ ಹೆಚ್ಚಾಗಿ ರಾಮ ತನಗೆ ಬೇಕಾದವನೆಂದು ಅವಳು ಹೇಳಿದ್ದಳು. ಅಷ್ಟು ನೆಮ್ಮದಿಯಿಂದಿದ್ದ ಮನಸ್ಸಿಗೆ ಸವತಿಯ ಭಯವನ್ನು ತುಂಬಿದವಳು ಮಂಥರೆ. ರಾಮನು 14 ವರ್ಷ ಕಾಡಿನಲ್ಲಿದ್ದರೆ ಅಷ್ಟರೊಳಗೆ ಭರತ ಪ್ರಜೆಗಳ ನಡುವೆ ಬೇರುಬಿಡುತ್ತಾನೆ ಎಂಬ ಎಣಿಕೆ ತಣ್ಣಗಿನ ತಲೆಯದು; ಅದನ್ನು ನೊಂದ ಹೃದಯದ ಆವೇಗವೆನ್ನಲು ನನ್ನಿಂದ ಸಾಧ್ಯವಿಲ್ಲ. ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿದ್ದಾಳೋ ಆ ಭರತನಿಗೆ ಇದು ಬೇಕೋ ಬೇಡವೋ ಎಂಬ ಪ್ರಶ್ನೆ ಅವಳಿಗೆ ಹೊಳೆಯುವುದೇ ಇಲ್ಲ. ಹೀಗೆ ಕೇಳದೆ ಮಾಡುವ ಉಪಕಾರದಲ್ಲಿ ಯಜಮಾನಿಕೆ ಅಡಗಿರುತ್ತದೆ. ನಮ್ಮ ಮನೆಗಳಲ್ಲೂ ಇಂಥ ಹಿರಿಯರನ್ನು ನಾವು ಕಂಡಿದ್ದೇವೆ, ಅವರ ಪ್ರೀತಿಯನ್ನು ಅನುಮಾನಿಸುವಂತೆಯೂ ಇಲ್ಲ, ಅವರ ಕೈಗೆ ಬೀಗದ ಕೈ ಕೊಡುವಂತೆಯೂ ಇಲ್ಲ.

ಆದುದರಿಂದ ನಿಮ್ಮ ನಿರ್ದೇಶಕರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕೀರಲು ನಗೆ ಬೇಡ, ಒಪ್ಪಿದೆ. ಆದರೆ ಅವಳ ಬುದ್ಧಿಯ ಹರಿತವನ್ನು ಕಣ್ಣೀರಿನಲ್ಲಿ ಅದ್ದಿ ಮೊಂಡಾಗಿಸಬಾರದು.

ತೋಟದ ಮನೆ, ಪೊನ್ನಂಪೇಟೆ

ನಾನು ಸಾಹಿತ್ಯ ಓದಿದವಳಲ್ಲ. ಇರ್ಪುವಿಗೆ ಹೋದಾಗಲೆಲ್ಲ, ಲಕ್ಷ್ಮಣ ಬಾಣ ಹೊಡೆದು ಬ್ರಹ್ಮಗಿರಿಯಿಂದ ನೀರು ತರಿಸಿದ ಎಂಬ ಕಥೆ ಕೇಳುತ್ತಾ ಬೆಳೆದವಳು, ರಾಮಾಯಣದೊಂದಿಗೆ ನನ್ನ ನಂಟು ಅಷ್ಟರದು. ಆದರೂ ಒಂದು ವಿಷಯ ಹೇಳಬೇಕೆನಿಸಿತು.

ನಮ್ಮ ಕೊಡವ ಮದುವೆಯಲ್ಲಿ ಸಂಬಂಧ ಅಡ್ಕುವ ಎಂಬ ವಿಧಿಯಿದೆ. ಹೆಣ್ಣಿನ ಕಡೆಯ ಅರುವ (ಆ ಕಡೆಯ ಪರವಾಗಿ ಮಾತಾಡುವವನು) ಮತ್ತು ಗಂಡಿನ ಕಡೆಯ ಅರುವ ಎದುರುಬದುರು ನಿಂತು, ಗಂಡನ ಒಕ್ಕದಲ್ಲಿ, ಎಂದರೆ ಮನೆತನದಲ್ಲಿ, ಆ ಹೆಣ್ಣಿಗೆ ಸಲ್ಲಬೇಕಾದ ಹಕ್ಕುಗಳನ್ನು ಎಲ್ಲರ ಮುಂದೆ ಮಾತಿನಲ್ಲಿ ಹೇಳಿ ಕೇಳಿ, ಅದರ ಗುರುತಾಗಿ ಸಣ್ಣ ಕಲ್ಲುಹರಳುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮುಂದೆ ಆ ಹೆಣ್ಣಿಗೆ ಅನ್ಯಾಯವಾದರೆ ಮಾತಾಡಬೇಕಾದವನು ಅರುವ. ಇದನ್ನು ಕಂಡು ಬೆಳೆದ ನನಗೆ ಕೈಕೇಯಿಯ ಕಥೆ ಕೇಳಿದಾಗ ಮೊದಲು ಬಂದ ಪ್ರಶ್ನೆ, ಇವಳ ಅರುವ ಯಾರು ಎಂಬುದು. ಅಪ್ಪನ ಮನೆ ದೂರದ ಕೇಕಯದಲ್ಲಿದೆ, ಮಗನೂ ತಮ್ಮನಾದ ಶತ್ರುಘ್ನನನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದಾನೆ. ಅವಳ ಕಡೆಯವರೆಂದು ಅಯೋಧ್ಯೆಯಲ್ಲಿ ಉಳಿದಿರುವುದು ಬೆನ್ನು ಬಾಗಿದ ಒಬ್ಬ ದಾಸಿ. ಆ ಜಾಗಕ್ಕೆ ಅವಳನ್ನು ಯಾರೂ ನೇಮಿಸಿಲ್ಲ, ಸಭೆಯಲ್ಲಿ ಅವಳಿಗೆ ಬಾಯಿಲ್ಲ, ಸಾಕ್ಷಿಯೆಂದು ಯಾರೂ ಕರೆಯುವುದಿಲ್ಲ. ನೆಟ್ಟಗೆ ಕೇಳುವ ಹಕ್ಕಿಲ್ಲದವಳು ಸೊಟ್ಟ ದಾರಿ ಹಿಡಿದಳು ಎಂದು ನಾನು ತಿಳಿದಿದ್ದೇನೆ. ಮಾಡಿದ್ದು ಸರಿಯೆನ್ನುತ್ತಿಲ್ಲ.

ನಿವೃತ್ತ ಅಧ್ಯಾಪಕ, ವಿರಾಜಪೇಟೆ

ಪೊನ್ನಂಪೇಟೆಯ ತಂಗಿಯವರು ಸಾಹಿತ್ಯ ಓದಿದವಳಲ್ಲ ಎನ್ನುತ್ತಲೇ ಮರ್ಮಕ್ಕೆ ಕೈ ಹಾಕಿದ್ದಾರೆ. ಅವರ ಮಾತಿಗೆ ಮೂಲದಲ್ಲೇ ಪುಷ್ಟಿಯಿದೆ. ಕೈಕೇಯಿಯನ್ನು ಮದುವೆಯಾಗುವಾಗ ದಶರಥನು ಅವಳ ತಂದೆಗೆ ರಾಜ್ಯವನ್ನೇ ಶುಲ್ಕವಾಗಿ ಕೊಡುವುದಾಗಿ ಮಾತು ಕೊಟ್ಟಿದ್ದನೆಂದು 107ನೆಯ ಸರ್ಗದಲ್ಲಿ ಸ್ವತಃ ರಾಮನೇ ಭರತನಿಗೆ ಹೇಳುತ್ತಾನೆ. ಭರತನು ಊರಿನಲ್ಲಿ ಇಲ್ಲದಿರುವಾಗಲೇ ಅಭಿಷೇಕ ಮುಗಿಯುವುದು ಲೇಸೆಂದು 4ನೆಯ ಸರ್ಗದಲ್ಲಿ ದಶರಥ ರಾಮನಿಗೆ ಹೇಳಿದ್ದೂ ಉಂಟು. ಎಂದರೆ ಒಂದು ಹಳೆಯ ಮಾತು ಕೊಡಲ್ಪಟ್ಟಿತ್ತು, ಅದನ್ನು ಕೇಳಬೇಕಾದವರು ಎದುರಿಗಿರಲಿಲ್ಲ. ಮಂಥರೆ ಈ ಶುಲ್ಕದ ವಿಷಯವನ್ನು ಎತ್ತುವುದೇ ಇಲ್ಲ ಎಂಬುದು ಗಮನಾರ್ಹ; ಅವಳ ಕೈಗೆ ಸಿಕ್ಕಿದ್ದು ಎರಡು ವರಗಳು ಮಾತ್ರ.

ಕುಶಾಲನಗರದ ಗೆಳೆಯರ ಆಕ್ಷೇಪದಲ್ಲಿ ಹುರುಳಿದೆ. ಅದನ್ನು ತಪ್ಪಿಸಲೆಂದೇ ಎಷ್ಟೋ ಕವಿಗಳು ಅವಳಿಗೆ ಹೊರಗಿನ ಕಾರಣವನ್ನು ಹುಡುಕಿದಂತೆ ಕಾಣುತ್ತದೆ. ಮಹಾಭಾರತದ ರಾಮೋಪಾಖ್ಯಾನದಲ್ಲಿ ಅವಳು ಬ್ರಹ್ಮನ ಆಜ್ಞೆಯಿಂದ ಹುಟ್ಟಿಬಂದ ದುಂದುಭಿ ಎಂಬ ಗಂಧರ್ವಿ. ತುಲಸೀದಾಸರಲ್ಲಿ ಸರಸ್ವತಿ ಅವಳ ಬುದ್ಧಿಯನ್ನು ತಿರುಗಿಸುತ್ತಾಳೆ. ಕಂಬನಲ್ಲಿ ಬಾಲಕ ರಾಮನು ಅವಳ ಗೂನಿಗೆ ಮಣ್ಣುಂಡೆ ಹೊಡೆದ ನೋವು ಅವಳಲ್ಲಿ ಉಳಿದಿರುತ್ತದೆ. ಈ ಮೂರರಲ್ಲಿ ಕಂಬನದು ಮಾತ್ರ ಮನುಷ್ಯರ ಕಾರಣ. ನಮ್ಮ ಕುವೆಂಪು ಅವರು ಶ್ರೀರಾಮಾಯಣದರ್ಶನಂನಲ್ಲಿ ‘ಮಮತೆಯ ಸುಳಿ ಮಂಥರೆ’ ಎಂದು ಒಂದು ಸಂಚಿಕೆಗೇ ಹೆಸರಿಟ್ಟು, ಕೇಡಿನ ಬೇರನ್ನು ಹಗೆತನದಲ್ಲಿ ಹುಡುಕದೆ ಮಮತೆಯಲ್ಲಿ ಹುಡುಕಿದರು. ತಾವು ತಾಲೀಮಿಗೆ ಮುಂಚೆ ಅದನ್ನು ಗಟ್ಟಿಯಾಗಿ ಓದಿಕೊಳ್ಳಬೇಕು. ಆ ಕಾವ್ಯದ ಮಹಾಛಂದಸ್ಸಿನ ಉಸಿರು ನಟಿಯ ಗಂಟಲಿಗೂ ಒಳ್ಳೆಯದು.

ರಂಗಾಸಕ್ತೆ, ಸೋಮವಾರಪೇಟೆ

ಎಲ್ಲರಿಗೂ ಕೃತಜ್ಞತೆಗಳು. ಅರುವನ ಮಾತನ್ನು ನಿನ್ನೆ ನಿರ್ದೇಶಕರ ಮುಂದಿಟ್ಟೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋಲು ಇರಲಿ, ನಗೆ ಬೇಡ ಎಂದರು. ಇನ್ನೊಂದು ಸಂಶಯ ಉಳಿದಿದೆ. ನಮ್ಮ ಪ್ರತಿಯಲ್ಲಿ ರಾಮ ಕಾಡಿಗೆ ಹೊರಟ ಮೇಲೆ ಮಂಥರೆ ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಅವಳ ಕಥೆ ಅಲ್ಲಿಗೆ ಮುಗಿಯಿತೇ?

ಓದುಗ, ಕುಶಾಲನಗರ

ಮುಗಿಯುವುದಿಲ್ಲ, 78ನೆಯ ಸರ್ಗ ನೋಡಿ. ದಶರಥನ ಉತ್ತರಕ್ರಿಯೆಗಳು ಮುಗಿದಿವೆ, ಅರಮನೆ ಸೂತಕದ ಮನೆಯಂತಿದೆ. ಆ ಹೊತ್ತಿನಲ್ಲಿ ಮಂಥರೆ ಗಂಧ ಪೂಸಿಕೊಂಡು, ಮೈತುಂಬ ಒಡವೆ ಹೇರಿಕೊಂಡು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾಳೆ. ನನ್ನ ವಾದಕ್ಕೆ ನಾನು ಮುಖ್ಯವಾಗಿ ಇದನ್ನೇ ನೆಚ್ಚಿದ್ದೆ. ಬಾಗಿಲು ಕಾಯುವವನು ಅವಳನ್ನು ಹಿಡಿದು ಶತ್ರುಘ್ನನಿಗೆ ಒಪ್ಪಿಸುತ್ತಾನೆ. ಅವನು ನೆಲದ ಮೇಲೆ ದರದರನೆ ಎಳೆದಾಡುವಾಗ ಒಡವೆಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಈ ಗೂನಿಯನ್ನು ಕೊಂದೆವೆಂದು ತಿಳಿದರೆ ರಾಮನು ನಮ್ಮೊಡನೆ ಮಾತನ್ನೇ ಆಡಲಾರ ಎಂದು ಭರತ ತಡೆಯುತ್ತಾನೆ. ಯಾರಿಗಾಗಿ ಅವಳು ಇಷ್ಟು ಮಾಡಿದಳೋ ಅವನಿಂದ ಅವಳಿಗೆ ದಕ್ಕಿದ್ದು ಜೀವದಾನ, ಅದೂ ರಾಮನ ಹೆಸರಿನಲ್ಲಿ.

ಆಮೇಲಿನ ಒಂದು ಶ್ಲೋಕ ಮಾತ್ರ ನನ್ನ ವಾದಕ್ಕೆ ಸರಿಹೊಂದುವುದಿಲ್ಲ ಎಂದು ಒಪ್ಪಲೇಬೇಕು. ಬಿಡಿಸಿಕೊಂಡ ಮಂಥರೆ ಹೋಗಿ ಬೀಳುವುದು ಕೈಕೇಯಿಯ ಕಾಲಬುಡದಲ್ಲಿ. ಗಂಡನನ್ನು ಕಳೆದುಕೊಂಡ, ಮಗನಿಂದ ಛೀಮಾರಿ ಹಾಕಿಸಿಕೊಂಡ ಆ ರಾಣಿ, ಇದಕ್ಕೆಲ್ಲ ನೀನೇ ಕಾರಣವೆಂದು ಅವಳನ್ನು ಒದೆಯುವುದಿಲ್ಲ, ಮೆಲ್ಲಗೆ ಸಮಾಧಾನಪಡಿಸುತ್ತಾಳೆ. ನಿಮ್ಮ ನಿರ್ದೇಶಕರ ತೂಕದ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗನಿಸುತ್ತದೆ: ತಪ್ಪನ್ನು ಇಬ್ಬರಲ್ಲಿ ಯಾರ ತಲೆಗೆ ಕಟ್ಟಬೇಕೆಂದು ಸಭೆ ಯೋಚಿಸುತ್ತಿರುವಾಗ, ಅವರಿಬ್ಬರೂ ಅದನ್ನು ಒಬ್ಬರ ಮೇಲೊಬ್ಬರು ಹೊರಿಸದೆ ಕುಳಿತಿದ್ದಾರೆ. ಸಾಧ್ಯವಿದ್ದರೆ ಈ ದೃಶ್ಯವನ್ನು ಸೇರಿಸಿರಿ.

ತೋಟದ ಮನೆ, ಪೊನ್ನಂಪೇಟೆ

ಒಡವೆ ಚೆಲ್ಲುವ ದೃಶ್ಯ ಸೇರಿಸುವುದಾದರೆ ಗಾಜಿನ ಮಣಿಯ ಸರ ಬೇಡ ಅಕ್ಕ, ಬರಿಗಾಲಿನಲ್ಲಿ ಆಡುವವರಿಗೆ ಚುಚ್ಚುತ್ತದೆ. ಮರದ ಮಣಿಗೆ ಬಂಗಾರದ ಬಣ್ಣ ಹೊಡೆದು ಸಡಿಲ ದಾರದಲ್ಲಿ ಪೋಣಿಸಿದರೆ ಎಳೆದ ಕೂಡಲೇ ಉದುರುತ್ತದೆ, ಮುಂದಿನ ಸಾಲಿನವರೆಗೂ ಸದ್ದು ಕೇಳಿಸುತ್ತದೆ. ನಾಟಕದ ದಿನಾಂಕ ಗೊತ್ತಾದಾಗ ಇಲ್ಲೇ ತಿಳಿಸಿ.