ಮುಂಬೈಯ ಮ್ಯೂಸಿಯಂ ಜತೆ ನಮ್ಮ ಸಂಘವು ಬಹುಕಾಲದ ನಂಟು ಬೆಳೆಸುವುದು ಹೇಗೆ?

ಪ್ರಶ್ನೆ: ಡೊಂಬಿವಲಿಯ ಕನ್ನಡ ಸಂಘವೊಂದರ ಕಾರ್ಯದರ್ಶಿ

ಮಾನ್ಯರೆ, ನಮ್ಮ ಚಿಕ್ಕ ಸಂಘವು ಪ್ರತಿವರ್ಷ ರಾಜ್ಯೋತ್ಸವದ ನಂತರ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತದೆ. ಈ ಸಲ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ, ಅಂದರೆ ನಮ್ಮ ಹಿರಿಯರು ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಎಂದೇ ಕರೆಯುವ ಮ್ಯೂಸಿಯಂಗೆ ಹೋಗುವುದೆಂದು ತೀರ್ಮಾನವಾಗಿದೆ. ಒಂದು ಸುತ್ತು ಹಾಕಿ, ಗುಂಪಿನ ಫೋಟೊ ತೆಗೆಸಿಕೊಂಡು ಮರಳುವುದು ಬೇಡವೆಂಬುದು ಸಮಿತಿಯ ಅಭಿಪ್ರಾಯ. ಮುಂಬರುವ ಪ್ರದರ್ಶನಗಳಿಗೆ ಹೊಂದುವಂತೆ ದಿನ ಗೊತ್ತುಮಾಡುವುದು ಹೇಗೆ, ಮಕ್ಕಳಿಗೆ ಯಾವ ಕಾರ್ಯಕ್ರಮಗಳಿವೆ, ನಾವು ಮ್ಯೂಸಿಯಂಗೆ ಯಾವ ರೀತಿ ನೆರವಾಗಬಹುದು? ನಮ್ಮ ನಿಧಿ ಬಸ್ಸಿನ ಬಾಡಿಗೆಗೇ ಮುಗಿಯುವಷ್ಟಿದೆ.

ಉತ್ತರ: ಮಾಟುಂಗಾದ ನಿವೃತ್ತ ಚಿತ್ರಕಲಾ ಶಿಕ್ಷಕ

ದೊಡ್ಡ ಪ್ರದರ್ಶನಗಳು ಅಲ್ಲಿ ತಿಂಗಳುಗಟ್ಟಲೆ ನಡೆಯುವುದರಿಂದ ದಿನಾಂಕದ ಬಗ್ಗೆ ಆತುರ ಬೇಡ. 2017ರ ನವೆಂಬರಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಸಹಯೋಗದಲ್ಲಿ ತೆರೆದ ಪ್ರದರ್ಶನ ಮರುವರ್ಷದವರೆಗೂ ಇತ್ತು. 2023ರ ಡಿಸೆಂಬರಿನಲ್ಲಿ ಈಜಿಪ್ಟ್, ಅಸ್ಸೀರಿಯಾ, ಗ್ರೀಸ್, ರೋಮ್‌ಗಳ ಪ್ರಾಚೀನ ಶಿಲ್ಪಗಳು ನಮ್ಮ ಶಿಲ್ಪಗಳ ಪಕ್ಕದಲ್ಲಿ ಬಂದು ನಿಂತವು. ಆದರೆ ಕನ್ನಡದ ಮಕ್ಕಳಿಗೆ ಮೊದಲು ತೋರಿಸಬೇಕಾದುದು ಅಲ್ಲಿನ ಖಾಯಂ ಸಂಗ್ರಹದಲ್ಲಿರುವ ಐಹೊಳೆಯ ಶಿಲ್ಪಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಲುಕ್ಯರ ಕಾಲದ ದೇವಾಲಯದ ಚಾವಣಿಯಲ್ಲಿದ್ದ, 7ನೆಯ ಶತಮಾನದ ಬ್ರಹ್ಮನ ಫಲಕ ಅಲ್ಲಿದೆ. ಕತ್ತಲ ಮಂಟಪದಲ್ಲಿ ಕತ್ತು ನೋಯುವಂತೆ ತಲೆಯೆತ್ತಿ ನೋಡಬೇಕಾಗಿದ್ದ ಕೆತ್ತನೆಯನ್ನು ಇಲ್ಲಿ ಹತ್ತಿರದಿಂದ ನಿಂತು ನೋಡಬಹುದು, ಹಾಳೆಯ ಮೇಲೆ ರೇಖೆಗಳಲ್ಲಿ ಬಿಡಿಸಬಹುದು. ಬಾಗಲಕೋಟೆ ಜಿಲ್ಲೆಯ ಕಲ್ಲು ಮುಂಬೈಯಲ್ಲೇಕೆ ಇದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ; ಅಂದು ಆ ಪ್ರದೇಶ ಮುಂಬಯಿ ಪ್ರಾಂತ್ಯದಲ್ಲಿತ್ತು ಎಂಬಲ್ಲಿಂದ ಉತ್ತರ ಆರಂಭಿಸಿದರೆ ಅರ್ಧ ಇತಿಹಾಸವೇ ಹೇಳಿದಂತಾಗುತ್ತದೆ.

ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನೂ ಬಿಡಬೇಡಿ. 1952ರಲ್ಲಿ ಅದು ಆರಂಭವಾಗುವುದಕ್ಕೆ ವಿಜ್ಞಾನಿ ಹೋಮಿ ಭಾಭಾ ಅವರೊಂದಿಗೆ ಒತ್ತಾಸೆಯಾಗಿ ನಿಂತವರು ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು. ಅಲ್ಲಿ ಸಾಮಾನ್ಯವಾಗಿ ಮಂಗಳವಾರದಿಂದ ಮಂಗಳವಾರಕ್ಕೆ ಪ್ರದರ್ಶನ ಬದಲಾಗುತ್ತದೆ, ಪ್ರವೇಶ ಉಚಿತ.

ಉತ್ತರ: ಮುಲುಂಡ್‌ನ ಶಾಲಾ ಶಿಕ್ಷಕಿ

ಗುರುಗಳ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಮ್ಯೂಸಿಯಂ ಆವರಣದಲ್ಲಿ 2019ರಿಂದ ಮಕ್ಕಳಿಗಾಗಿಯೇ ಪ್ರತ್ಯೇಕ ಸಂಗ್ರಹಾಲಯವಿದೆ. ಅದಕ್ಕಿಂತ ತಮ್ಮ ಸಂಘಕ್ಕೆ ಹೆಚ್ಚು ಉಪಯುಕ್ತವಾದುದು 2015ರಲ್ಲಿ ಆರಂಭವಾದ ಸಂಚಾರಿ ಮ್ಯೂಸಿಯಂ. ಬಸ್ಸಿನೊಳಗೆ ಪ್ರದರ್ಶನ ಜೋಡಿಸಿಕೊಂಡು ಅದು ಶಾಲೆಗಳ ಬಾಗಿಲಿಗೇ ಬರುತ್ತದೆ. ಶಿಕ್ಷಣ ವಿಭಾಗಕ್ಕೆ ಮಕ್ಕಳ ಸಂಖ್ಯೆ, ವಯಸ್ಸು, ತಿಳಿಯುವ ಭಾಷೆ ಇವನ್ನೆಲ್ಲ ತಿಳಿಸಿ ಮುಂಚಿತವಾಗಿ ಪತ್ರ ಬರೆಯಿರಿ. ನೆರವೆಂದರೆ ಹಣವೇ ಆಗಬೇಕಿಲ್ಲ. ಕನ್ನಡದಲ್ಲಿ ವಿವರಿಸಬಲ್ಲ ಇಬ್ಬರು ಮೂವರು ಹಿರಿಯರನ್ನು ಸಂಘ ಸಿದ್ಧಗೊಳಿಸಿ, ವರ್ಷಕ್ಕೆ ಕೆಲವು ಭಾನುವಾರ ಕಳುಹಿಸುವುದಾಗಿ ಹೇಳಿದರೆ, ಹಾರ ಶಾಲು ಹಿಡಿದು ಹೋಗುವುದಕ್ಕಿಂತ ಅದು ಮೇಲು.

ಉತ್ತರ: ಭಾಯಖಳಾದ (ಬೈಕುಲಾ) ಓದುಗ

ನನ್ನ ಸಲಹೆ ಬೇರೆ. ಪುಟ್ಟ ಮಕ್ಕಳಿದ್ದರೆ ನಮ್ಮ ಭಾಯಖಳಾದ ರಾಣಿ ಬಾಗ್ ಉದ್ಯಾನದಲ್ಲಿರುವ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ನೋಡಿ. 1872ರಲ್ಲಿ ತೆರೆದ ಅದು ಒಂದೇ ಬೆಳಗಿನಲ್ಲಿ ನೋಡಿ ಮುಗಿಸುವಷ್ಟು ಚಿಕ್ಕದು. ಊರಿನ ಜನಜೀವನದ ಮಣ್ಣಿನ ಮಾದರಿಗಳ ಮುಂದೆ ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ಮಂಗಳೂರು ಮೂಲದ ಕಲಾವಿದ ಸುದರ್ಶನ ಶೆಟ್ಟಿಯವರು 2010ರಲ್ಲಿ ಅಲ್ಲಿನ ಹಳೆಯ ಕಪಾಟುಗಳ ನಡುವೆಯೇ ತಮ್ಮ ಕೃತಿಗಳನ್ನು ಪ್ರದರ್ಶಿಸಿದ್ದರು. ಡೊಂಬಿವಲಿಯಿಂದ ನೇರ ಲೋಕಲ್ ಇರುವಾಗ ಬಸ್ಸಿನ ಬಾಡಿಗೆಯೇಕೆ? ಬುಧವಾರ ಮ್ಯೂಸಿಯಂಗೆ ರಜೆ.

ಕಾರ್ಯದರ್ಶಿ

ಎಲ್ಲರಿಗೂ ವಂದನೆಗಳು. ಐದನೆಯ ತರಗತಿಯೊಳಗಿನವರನ್ನು ಭಾಯಖಳಾಕ್ಕೂ, ದೊಡ್ಡವರನ್ನು ಐಹೊಳೆಯ ಶಿಲ್ಪಗಳಿಗೂ ಕರೆದೊಯ್ಯುವ ಪ್ರಸ್ತಾಪವನ್ನು ಸಮಿತಿಯ ಮುಂದಿಡುತ್ತೇನೆ. ಮಾಟುಂಗಾದ ಗುರುಗಳು ವಿವರಣೆಗೆ ಬರಲು ಒಪ್ಪುವರೇ ಎಂಬುದನ್ನು ದಯವಿಟ್ಟು ತಿಳಿಸಬೇಕು. ಶಿಕ್ಷಣ ವಿಭಾಗಕ್ಕೆ ಬರೆಯುವ ಪತ್ರದಲ್ಲಿ ಅದನ್ನೂ ಸೇರಿಸಬೇಕಾಗಿದೆ.