ದೆವ್ವದ ಸಿನಿಮಾ ಯಾರನ್ನು ನೋಡಿ ಕಲಿಯಬೇಕು? ಹುಬ್ಬಳ್ಳಿಯ ಎಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ಧಾರವಾಡ): ಸರ್, ನಾವು ಗೆಳೆಯರು ಸೇರಿ ಹತ್ತು ನಿಮಿಷದ ಹಾರರ್ ಕಿರುಚಿತ್ರ ಮಾಡುತ್ತಿದ್ದೇವೆ. ಮಾಳಮಡ್ಡಿಯಲ್ಲಿ ಒಂದು ಹಳೇ ಮನೆ ಸಿಕ್ಕಿದೆ, ದುಡ್ಡು ಮಾತ್ರ ಸಿಕ್ಕಿಲ್ಲ. ದೊಡ್ಡ ಹಾರರ್ ನಿರ್ದೇಶಕರು ಯಾರು ಅಂತ ಹುಡುಕಿದರೆ ಐವತ್ತು ಹೆಸರು ಬರುತ್ತವೆ. ಯಾರಿಂದ ಶುರು ಮಾಡೋಣ?

ಉತ್ತರ: ದುಡ್ಡಿಲ್ಲದೆ ಮಾಡಿದವರಿಂದ, ತಮ್ಮಾ. ಜಾನ್ ಕಾರ್ಪೆಂಟರ್ 1978ರಲ್ಲಿ 'ಹ್ಯಾಲೋವೀನ್' ಮಾಡಿದ್ದು ಸುಮಾರು 3 ಲಕ್ಷ ಡಾಲರ್‌ನಲ್ಲಿ. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಕೊಲೆಗಾರನ ಮುಖವಾಡ ಅಂಗಡಿಯಿಂದ ತಂದದ್ದು, 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ದು. ಅದಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದರು, ಅಷ್ಟೇ. ಸಂಗೀತವೂ ಕಾರ್ಪೆಂಟರ್‌ದೇ. ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಐದು ಮಾತ್ರೆಯ ಲೆಕ್ಕ. ನಾವು ನಾಲ್ಕಕ್ಕೆ ತಲೆ ಹಾಕಲು ಹೋದರೆ ಅದು ಇನ್ನೊಂದು ಮಾತ್ರೆ ಮುಂದೆ ಎಳೆಯುತ್ತದೆ. ಧಾರವಾಡದವರಿಗೆ ತಾಳದ ಬಗ್ಗೆ ನಾನು ಹೇಳೋದೇನಿದೆ! ನಿಮ್ಮಲ್ಲಿ ಯಾರಾದರೂ ತಬಲಾ ಬಾರಿಸುವವರು ಇದ್ದರೆ ಈಗಲೇ ಹಿಡಿದುಕೊಳ್ಳಿ.

ಹಿಚ್‌ಕಾಕ್ ಹೆಸರು ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. 'ಸೈಕೋ' (1960) ಬಚ್ಚಲುಮನೆ ದೃಶ್ಯವನ್ನು ಮೊದಲು ಸದ್ದು ಬಂದ್ ಮಾಡಿ ನೋಡಿ, ಆಮೇಲೆ ಸದ್ದು ಹಚ್ಚಿ ನೋಡಿ. ಅಲ್ಲಿ ಸಂಗೀತವೇ ಬೇಡ ಅಂದಿದ್ದರು ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಬರೀ ತಂತಿ ವಾದ್ಯ ಇಟ್ಟುಕೊಂಡು ಮಾಡಿ ಕೇಳಿಸಿದ ಮೇಲೆ ಒಪ್ಪಿಕೊಂಡರು.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಈಗಿನವರು ಸುಮ್ನೆ ಧಡಾರ್ ಅಂತ ಸದ್ದು ಮಾಡಿ ಹೆದರಿಸುತ್ತಾರೆ. ಅದು ಮೋಸ ಅಲ್ವಾ ಸರ್? ಯಾರು ಶುರು ಮಾಡಿದರು ಇದನ್ನ?

ಉತ್ತರ: ಮುಕ್ಕಾಲು ಪಾಲು ಮೋಸವೇ, ಮೇಡಂ. ಆದರೆ ಶುರು ಮಾಡಿದವರು ಮೋಸ ಮಾಡಿರಲಿಲ್ಲ. 1942ರ 'ಕ್ಯಾಟ್ ಪೀಪಲ್' ನೋಡಿ. ನಿರ್ದೇಶಕ ಜಾಕ್ ಟೂರ್ನರ್, ನಿರ್ಮಾಪಕ ವಾಲ್ ಲ್ಯೂಟನ್, ಎಡಿಟರ್ ಮಾರ್ಕ್ ರಾಬ್ಸನ್. ರಾತ್ರಿ ಒಬ್ಬಳು ಪಾರ್ಕಿನ ಗೋಡೆ ಪಕ್ಕ ನಡೆದು ಹೋಗುತ್ತಿದ್ದಾಳೆ. ಹಿಂದೆ ಇನ್ನೊಬ್ಬಳ ಚಪ್ಪಲಿ ಸದ್ದು, ಟಕ್ ಟಕ್. ಒಂದು ಹಂತದಲ್ಲಿ ಹಿಂದಿನ ಸದ್ದು ನಿಂತೇಬಿಡುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಇವಳು ಜೋರಾಗಿ ಹೆಜ್ಜೆ ಹಾಕುತ್ತಾಳೆ. ನಮ್ಮ ಕಿವಿ ಪೂರ್ತಿ ಅಲ್ಲೇ ನೆಟ್ಟಿರುತ್ತದೆ. ಆಗ 'ಹ್ಸ್ಸ್' ಅಂತ ಚಿರತೆ ಗುರುಗುಟ್ಟಿದಂಥ ಸದ್ದು, ಮತ್ತು ಚೌಕಟ್ಟಿನೊಳಗೆ ನುಗ್ಗುತ್ತದೆ ಒಂದು ಸಿಟಿ ಬಸ್! ಅದರ ಬ್ರೇಕಿನ ಗಾಳಿ ಅದು. ರಾತ್ರಿ ಕೊನೆಯ ಚಿಗರಿ ಬಸ್ ಖಾಲಿ ಸ್ಟಾಪಿನಲ್ಲಿ ನಿಲ್ಲುವಾಗ ಕೇಳಿದ್ದೀರಲ್ಲ, ಹಾಗೆ. ಇಂಥ ಹೆದರಿಕೆಗೆ ನಮ್ಮ ಕಸುಬಿನಲ್ಲಿ 'ಲ್ಯೂಟನ್ ಬಸ್' ಅಂತಲೇ ಹೆಸರು.

ಕೆಲಸ ಮಾಡಿದ್ದು ಬಸ್ಸಲ್ಲ, ಅದಕ್ಕೆ ಮುಂಚಿನ ಮೌನ. ಈಗಿನವರು ಬಸ್ ತೆಗೆದುಕೊಂಡರು, ಮೌನ ಬಿಟ್ಟರು. ಮಾಳಮಡ್ಡಿ ತಮ್ಮನಿಗೆ ಒಂದು ಮಾತು: ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಆ ಮನೆಯ ಖಾಲಿ ಸದ್ದನ್ನು ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ಅದನ್ನು ರೂಮ್ ಟೋನ್ ಅನ್ನುತ್ತೇವೆ. ಅದಿಲ್ಲದೆ ಸದ್ದು ಕಟ್ ಮಾಡಿದರೆ ಮೌನ ಅನ್ನಿಸೋದಿಲ್ಲ, ಮೈಕ್ ಕೆಟ್ಟಿದೆ ಅನ್ನಿಸುತ್ತದೆ.

ಪ್ರಶ್ನೆ (ಗದಗ, ನಿವೃತ್ತ): ಬರೀ ಹೊರಗಿನವರದೇ ಆಯಿತು. ನಮ್ಮವರು ಯಾರೂ ಇಲ್ಲವೇನಪ್ಪಾ?

ಉತ್ತರ: ಇದ್ದಾರೆ ಕಾಕಾ. 1979ರ 'ನಾ ನಿನ್ನ ಬಿಡಲಾರೆ' ನೀವು ಥಿಯೇಟರಿನಲ್ಲೇ ನೋಡಿರುತ್ತೀರಿ. ಅನಂತ್ ನಾಗ್, ಲಕ್ಷ್ಮಿ, ನಿರ್ದೇಶನ ವಿಜಯ್. ಹಿಂದಿಯಲ್ಲಿ ರಾಮ್ಸೆ ಸಹೋದರರು 'ಪುರಾನಾ ಮಂದಿರ್' (1984) ತರಹದ ಚಿತ್ರಗಳಲ್ಲಿ ದೆವ್ವವನ್ನು ಹಾಳು ಹವೇಲಿಯಲ್ಲೇ ಇಟ್ಟಿದ್ದರು. ಅದನ್ನು ಮುಂಬೈ ಅಪಾರ್ಟ್‌ಮೆಂಟಿಗೆ ತಂದದ್ದು ರಾಮ್ ಗೋಪಾಲ್ ವರ್ಮಾ, 'ಭೂತ್' (2003) ಚಿತ್ರದಲ್ಲಿ. ಒಂದೂ ಹಾಡಿಲ್ಲ! ನಮ್ಮ ಪವನ್ ಕುಮಾರ್ 'ಯೂ ಟರ್ನ್' (2016) ಚಿತ್ರದಲ್ಲಿ ಬೆಂಗಳೂರಿನ ಫ್ಲೈಓವರಿಗೇ ತಂದರು. ನನಗೆ ಅದು ಜಾಸ್ತಿ ಇಷ್ಟ. ಕನ್ನಡದಲ್ಲಿ ನನ್ನ ತಕರಾರು ಒಂದೇ: ದೆವ್ವ ಬಂದ ಕೂಡಲೇ ಹಿಂದೆಯೇ ಕಾಮಿಡಿ ನಟನೂ ಓಡಿ ಬರುತ್ತಾನೆ.

ಪ್ರಶ್ನೆ (ಮತ್ತೆ ಧಾರವಾಡದ ವಿದ್ಯಾರ್ಥಿ): ಸರ್, ದೆವ್ವ ನಡೆಯೋದನ್ನ ಗ್ರಾಫಿಕ್ಸ್ ಇಲ್ಲದೆ ತೋರಿಸೋದು ಹೇಗೆ?

ಉತ್ತರ: ನಿರ್ದೇಶಕ ಹಿಡಿಯೋ ನಕಾಟಾ ಅವರ ದಾರಿ ಹಿಡಿಯಿರಿ. ಜಪಾನಿನ 'ರಿಂಗು' (1998) ಚಿತ್ರದಲ್ಲಿ ಆ ಹುಡುಗಿ ಟಿವಿಯಿಂದ ಹೊರಗೆ ಬಂದು ನಡೆಯುವ ರೀತಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ನಟಿಯನ್ನು ಹಿಂದೆ ಹಿಂದೆ ನಡೆಸಿ ಶೂಟ್ ಮಾಡಿ, ಫಿಲ್ಮನ್ನು ಉಲ್ಟಾ ಓಡಿಸಿದರು. ನಿಮ್ಮ ಮೊಬೈಲ್ ಆ್ಯಪ್‌ನಲ್ಲೂ ರಿವರ್ಸ್ ಇದೆ. ಕೋಣೆಯಲ್ಲಿ ಊದಿನಕಡ್ಡಿ ಮಾತ್ರ ಹಚ್ಚಬೇಡಿ. ಹೊಗೆ ಕೆಳಗಿಳಿಯುವುದು ಕಂಡರೆ ಗುಟ್ಟು ರಟ್ಟು.

ಪ್ರಶ್ನೆ (ಹಾವೇರಿ): ಇದರಲ್ಲಿ ಯಾವುದಾದರೂ ಪುಕ್ಕಟೆ ನೋಡಲು ಸಿಗುತ್ತದಾ?

ಉತ್ತರ: ಮೇಲೆ ಹೇಳಿದ್ದಲ್ಲ, ಆದರೆ ಅಷ್ಟೇ ಮುಖ್ಯವಾದದ್ದು ಒಂದಿದೆ. ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968). ಈಗಿನ ಜೋಂಬಿ ಕಥೆಗಳಿಗೆಲ್ಲ ಮೂಲ ಅದೇ. ವಿತರಕರು ಹೆಸರು ಬದಲಿಸುವಾಗ ಕಾಪಿರೈಟ್ ಸಾಲು ಹಾಕುವುದನ್ನೇ ಬಿಟ್ಟರು. ಹಾಗಾಗಿ ಅಮೆರಿಕದಲ್ಲಿ ಅದರ ಹಕ್ಕು ಯಾರ ಕೈಯಲ್ಲೂ ಉಳಿಯಲಿಲ್ಲ. ಪಾಪ, ರೊಮೆರೊಗೆ ಬರಬೇಕಾದ ದುಡ್ಡು ಹೋಯಿತು. ನೆಟ್‌ನಲ್ಲಿ ಇಡೀ ಸಿನಿಮಾ ಇದೆ. ಕಪ್ಪು ಬಿಳುಪಿನದೇ ನೋಡಿ, ಬಣ್ಣ ಹಚ್ಚಿದ ಪ್ರತಿ ಬೇಡ. ಅದರಲ್ಲಿರೋ ರಕ್ತ ಚಾಕೊಲೇಟ್ ಸಿರಪ್, ಬಣ್ಣ ಹಚ್ಚಿದರೆ ಮಜಾ ಹೋಯಿತು.